ಸಾತಳ್ಳಿಯ ಹೊಲ ಮತ್ತು ದೊಡ್ಡ ಸ್ವಾಮಿಯವರು

ನಮ್ಮದು ನಾಲ್ಕಾರು ಭಾಷೆಗಳ ಧರ್ಮಕ್ಷೇತ್ರ. ಕನ್ನಡ ಮನೆಮಾತಿನ ಕಥೋಲಿಕರಾದ ನಮ್ಮನ್ನು ಹೊರಗಿನವರಷ್ಟೇ ಅಲ್ಲ, ದೇವಾಲಯದಲ್ಲಿ ಪಕ್ಕದಲ್ಲಿ ಕುಳಿತವರೂ ಕೆಲವೊಮ್ಮೆ ಕೇಳುವುದುಂಟು, ನೀವು ಮೂಲತಃ ಯಾವ ಕಡೆಯಿಂದ ಬಂದವರು ಎಂದು. ಯಾವ ಕಡೆಯಿಂದಲೂ ಬಂದವರಲ್ಲ, ಇಲ್ಲೇ ರಾಗಿ ಬೆಳೆದುಕೊಂಡು ಇದ್ದವರು ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಹಾಗೆ ಇಲ್ಲೇ ಬೇರುಬಿಟ್ಟು ನಿಲ್ಲಲು ನಮ್ಮ ಹಿರಿಯರಿಗೆ ನೆರವಾದವರಲ್ಲಿ ಒಬ್ಬರು ಮಾತ್ರ ಬಹಳ ದೂರದಿಂದ ಬಂದವರು. ಅವರೇ ಅಬ್ಬೆ ದ್ಯುಬುವಾ.

ಕನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅದು ಗುರುಗಳನ್ನು ಕರೆಯುವ ಮಾತು, ಮೂಲದಲ್ಲಿ ತಂದೆ ಎಂಬ ಅರ್ಥದ್ದು. ನಮ್ಮ ಹಿರಿಯರು ಈ ಗೊಂದಲಕ್ಕೆ ಹೋಗದೆ ದೊಡ್ಡ ಸ್ವಾಮಿಯವರು ಎಂದೇ ಕರೆದರು.

ಜಾನ್ ಆಂತ್ವಾನ್ ದ್ಯುಬುವಾ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆಯಾಯಿತು. ಫ್ರಾನ್ಸಿನ ಕ್ರಾಂತಿಯಲ್ಲಿ ಗುರುಗಳ ತಲೆಗೆ ಕುತ್ತು ಬಂದಿದ್ದ ವರ್ಷ ಅದು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಮೂಲಕ ಭಾರತಕ್ಕೆ ಹಡಗು ಹತ್ತಿದರು. ಮೊದಲ ಕೆಲವು ವರ್ಷ ಪುದುಚೇರಿ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ದುಡಿದರು. ಇಲ್ಲಿನವರಂತೆ ಉಡುಪು ತೊಟ್ಟರು, ಇಲ್ಲಿನವರ ಊಟ ಉಂಡರು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ದ್ಯುಬುವಾ ಅವರಿಗೆ ಕರೆ ಬಂತು. 1649ರಲ್ಲಿ ಯೇಸುಸಭೆಯ ಚಿನ್ನಮಿ ಸ್ವಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದಂದಿನಿಂದ ಮೈಸೂರು ಸೀಮೆಯಲ್ಲಿ ಕನ್ನಡ ಕ್ರೈಸ್ತರಿದ್ದರು. ಆದರೆ 1773ರಲ್ಲಿ ಯೇಸುಸಭೆಯೇ ರದ್ದಾಗಿ ಗುರುಗಳಿಲ್ಲದಂತಾಯಿತು. ಅದರ ಮೇಲೆ ಟಿಪ್ಪುವಿನ ಕಾಲದ ಸೆರೆ. 1784ರಲ್ಲಿ ಕೆನರಾದಿಂದ ಹತ್ತಾರು ಸಾವಿರ ಕಥೋಲಿಕರನ್ನು ಹಿಡಿದು ತಂದಿದ್ದರು, ಎಷ್ಟೋ ಮಂದಿಯ ಧರ್ಮವನ್ನು ಬಲವಂತದಿಂದ ಬದಲಿಸಿದ್ದರು. ಬದುಕುಳಿದವರಲ್ಲಿ ಬಹಳ ಜನ ಕೆನರಾಕ್ಕೆ ಹಿಂತಿರುಗಿದರು. ಉಳಿದವರು, ಮತ್ತೆ ಸಭೆಗೆ ಸೇರಬೇಕೆಂದು ಬಂದವರು, ಊರು ಬಿಟ್ಟು ಚದುರಿಹೋದವರು, ಎಲ್ಲರೂ ಈ ಮೂವತ್ತಮೂರರ ಗುರುಗಳ ಪಾಲಿಗೆ ಬಂದರು. ಗಂಜಾಮಿನಲ್ಲಿ 1800ರಲ್ಲಿ ಅವರು ದೇವಾಲಯ ಎಬ್ಬಿಸಿದರು.

ದೇವಾಲಯ ಎದ್ದರೆ ಹೊಟ್ಟೆ ತುಂಬುವುದಿಲ್ಲ. ಪಾಪನಿವೇದನೆ ಮಾಡಿ ಸಭೆಗೆ ಮರಳಿದವನು ಮರುದಿನ ಬೆಳಿಗ್ಗೆ ಏನು ಉಣ್ಣಬೇಕು? ಗುರುಗಳು ಇದನ್ನೂ ತಮ್ಮ ಕೆಲಸವೆಂದೇ ತಿಳಿದರು. ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಅವುಗಳಲ್ಲಿ ಹೆಸರಾದದ್ದು ಹಾಸನದ ಹತ್ತಿರದ ಸಾತಳ್ಳಿ. ಅಲ್ಲಿ ಸಹಕಾರದ ತಳಹದಿಯ ಮೇಲೆ ಒಂದು ರೈತ ಸಮುದಾಯವನ್ನು ಅವರು ನಿಲ್ಲಿಸಿದರು.

ಇದೇನು ಮಹಾ ಎನ್ನುವವರು ಆಗಿನ ಮೈಸೂರಿನ ಹಳ್ಳಿಗಳನ್ನು ಒಮ್ಮೆ ನೆನೆಯಬೇಕು. ಮೂವತ್ತು ವರ್ಷಗಳಲ್ಲಿ ನಾಲ್ಕು ಯುದ್ಧ. ದಂಡು ಬಂದ ದಾರಿಯಲ್ಲಿ ಎತ್ತು ಉಳಿಯುತ್ತಿರಲಿಲ್ಲ, ಮೇವು ಉಳಿಯುತ್ತಿರಲಿಲ್ಲ. 1800ರಲ್ಲಿ ಈ ನಾಡನ್ನು ಸುತ್ತಿದ ಬುಕಾನನ್ ಪಾಳುಬಿದ್ದ ಊರುಗಳನ್ನೂ ಒಡೆದ ಕೆರೆಗಳನ್ನೂ ಕಂಡು ಬರೆದಿಟ್ಟಿದ್ದಾನೆ. ದಿವಾನ್ ಪೂರ್ಣಯ್ಯನವರು ಕೆರೆ ಕಾಲುವೆಗಳನ್ನು ರಿಪೇರಿ ಮಾಡಿಸಿದ್ದೂ ಅದೇ ಕಾಲದಲ್ಲಿ. ಭೂಮಿಗೇನೂ ಬರವಿರಲಿಲ್ಲ, ಉಳುವ ಶಕ್ತಿಯೇ ಇರಲಿಲ್ಲ. ಒಂಟಿ ಸಂಸಾರವೊಂದಕ್ಕೆ ಜೋಡಿ ಎತ್ತು ಬೇಕು, ಬಿತ್ತನೆ ರಾಗಿ ಬೇಕು, ಕೊಯ್ಲಿನ ತನಕ ಉಣ್ಣಲು ಕಾಳು ಬೇಕು. ಇಲ್ಲದವನು ಸಾಹುಕಾರನ ಬಾಗಿಲಿಗೆ ಹೋಗಬೇಕು. ಸಾಲದ ಬಿತ್ತನೆ ಬಿತ್ತಿದವನ ಬೆಳೆ ಕಣದಲ್ಲೇ ಕೈ ಬದಲಿಸುತ್ತಿತ್ತು. ಹಗೇವು ತುಂಬುವುದು ಯಾರದೋ, ಬೆವರು ಇವನದು. ಇನ್ನು ಕೆರೆಯ ಹೂಳು ತೆಗೆಯುವುದು, ಏರಿ ಕಟ್ಟುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಮುಯ್ಯಾಳು ನಮ್ಮ ರೈತರಿಗೆ ಗೊತ್ತಿದ್ದ ಪದ್ಧತಿಯೇ, ಆದರೆ ಊರೇ ಚದುರಿದಾಗ ಮುಯ್ಯಿ ಹೋಗುವುದು ಯಾರ ಹೊಲಕ್ಕೆ? ಮೊದಲು ಜನ ಒಂದೆಡೆ ಸೇರಬೇಕು, ಒಬ್ಬರನ್ನೊಬ್ಬರು ನಂಬಬೇಕು. ಸಾತಳ್ಳಿಯಲ್ಲಿ ಆದದ್ದು ಅದು.

ನಮ್ಮ ದೇಶದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಆ ಕಾಯಿದೆಯಡಿ ಸಂಘ ಕಟ್ಟಿ ಹೆಸರಾದರು. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ದೊಡ್ಡ ಸ್ವಾಮಿಯವರು ಸಾತಳ್ಳಿಯ ಕೆಲಸ ಮಾಡಿ ಆಗಲೇ ಎಂಬತ್ತು ವರ್ಷಕ್ಕೂ ಮೇಲಾಗಿತ್ತು ಎಂಬುದನ್ನೂ ನಾವು ಮರೆಯಬೇಕಾಗಿಲ್ಲ.

ಉಳುವ ಕೈಗಳನ್ನು ಸಿಡುಬಿನಿಂದ ಉಳಿಸುವುದು ಇನ್ನೊಂದು ಕೆಲಸ. ಗೋವಿನ ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆಗ ಅದನ್ನು ಸೀಸೆಯಲ್ಲಿಟ್ಟು ಕಾಪಾಡುವುದು ಕಷ್ಟ. ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು, ಸರಪಳಿ ಕಡಿದರೆ ಮುಗಿಯಿತು. ಜನ ಹೆದರಿದ್ದರು. 1803-04ರಲ್ಲಿ ದೊಡ್ಡ ಸ್ವಾಮಿಯವರ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡವರ ಲೆಕ್ಕ 25,432. ಅಷ್ಟು ಜನ ತೋಳು ಚಾಚಿದ್ದು ಲಸಿಕೆಯನ್ನು ನಂಬಿಯಲ್ಲ, ಅವರನ್ನು ನಂಬಿ ಎಂದೇ ನನಗೆ ಅನ್ನಿಸುತ್ತದೆ.

ಹೊರಜಗತ್ತಿಗೆ ಅವರು ಗೊತ್ತಿರುವುದು ಮಾತ್ರ ಪುಸ್ತಕದಿಂದ. ಹಿಂದೂಗಳ ಆಚಾರ ವಿಚಾರಗಳ ಕುರಿತ ಅವರ ಹಸ್ತಪ್ರತಿಯನ್ನು ಮದರಾಸು ಸರ್ಕಾರ 1807ರಲ್ಲಿ 2,000 ವರಹಕ್ಕೆ ಕೊಂಡಿತು, 1816ರಲ್ಲಿ ಲಂಡನಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಕೂರ್ದೂ ಸ್ವಾಮಿಯವರ ಬರಹದಿಂದ ಎತ್ತಿಕೊಂಡದ್ದೆಂದು ನಮ್ಮ ಕಾಲದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅದರಲ್ಲಿ ನಮ್ಮ ನೆರೆಹೊರೆಯವರ ಬಗ್ಗೆ ಒರಟಾದ ಮಾತುಗಳೂ ಇವೆ. ಅಭಿಮಾನಕ್ಕಾಗಿ ಇದನ್ನು ಮುಚ್ಚಿಡುವುದು ಸರಿಯಲ್ಲ.

ಕೊನೆಕೊನೆಗೆ ಅವರ ಮನಸ್ಸು ಕುಂದಿತು. ಇಪ್ಪತ್ತೈದು ವರ್ಷ ದುಡಿದರೂ ತಾವು ಹೊಸದಾಗಿ ಸಭೆಗೆ ತಂದವರು ಇನ್ನೂರು ಮುನ್ನೂರು ಜನ ಮಾತ್ರ, ಈ ದೇಶದಲ್ಲಿ ಕ್ರೈಸ್ತಧರ್ಮ ಬೆಳೆಯುವ ಆಸೆಯೇ ಇಲ್ಲ ಎಂದು ಪತ್ರಗಳಲ್ಲಿ ಬರೆದರು. 1823ರ ಜನವರಿಯಲ್ಲಿ ಭಾರತ ಬಿಟ್ಟರು. ಅದೇ ವರ್ಷ ಆ ಪತ್ರಗಳು ಅಚ್ಚಾದಾಗ ಪ್ರಾಟೆಸ್ಟೆಂಟ್ ಮಿಷನರಿಗಳು ಪುಸ್ತಕ ಬರೆದೇ ಎದುರುತ್ತರ ಕೊಟ್ಟರು. ಪ್ಯಾರಿಸ್ಸಿನಲ್ಲಿ ಅವರು ಪಂಚತಂತ್ರವನ್ನು ಫ್ರೆಂಚಿಗೆ ತಂದರು, 1836ರಿಂದ ಮೂರು ವರ್ಷ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದರು, 1848ರ ಫೆಬ್ರವರಿ 17ರಂದು ತೀರಿಕೊಂಡರು. ಮತ್ತೆ ಈ ಕಡೆ ಬರಲೇ ಇಲ್ಲ.

ಅವರ ಲೆಕ್ಕದಲ್ಲಿ ಹೊಲಗಳು ಸೇರಿರಲಿಲ್ಲವೆಂದು ಕಾಣುತ್ತದೆ. ಹಾಸನ ಸೀಮೆಯ ಕನ್ನಡ ಕ್ರೈಸ್ತ ರೈತರು ಅವರು ಹೋದ ಮೇಲೂ ಉತ್ತರು, ಬಿತ್ತಿದರು. ಅದೇ ತಾಲ್ಲೂಕಿನ ಶೆಟ್ಟಿಹಳ್ಳಿಯಲ್ಲಿ ಮುಂದೆ ಫ್ರೆಂಚ್ ಗುರುಗಳು ದೊಡ್ಡ ದೇವಾಲಯ ಕಟ್ಟಿದರು. ಗೊರೂರಿನ ಹೇಮಾವತಿ ಅಣೆಕಟ್ಟು ಬಂದು ಆ ಊರೂ ಹೊಲವೂ ಮುಳುಗಿ, ಜನ ಮತ್ತೊಮ್ಮೆ ಎದ್ದು ಬೇರೆಡೆ ಮನೆ ಕಟ್ಟಿಕೊಳ್ಳಬೇಕಾಯಿತು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಆ ಗೋಡೆಗಳ ಫೋಟೊ ತೆಗೆಯಲು ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಸಾತಳ್ಳಿ ಕಡೆ ಅಷ್ಟು ಜನ ಹೋಗುವುದಿಲ್ಲ.