ಸೂಜಿದಾರ ತೆರೆದ ಬಾಗಿಲು

ಮೈಕೆಲ್ ಫ್ಯಾರಡೇ ಎಂಬವನು 1791ರಲ್ಲಿ ಇಂಗ್ಲೆಂಡಿನ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಬಡತನದ ನಿಮಿತ್ತ ಲಂಡನಿನಲ್ಲಿ ಏಳು ವರುಷ ಪುಸ್ತಕ ಕಟ್ಟುವ ಕಸಬು ಕಲಿತು, ಕಟ್ಟಿದ ಪುಸ್ತಕಗಳನ್ನೇ ಓದಿ ವಿಜ್ಞಾನದಲ್ಲಿ ಮನಸ್ಸಿಟ್ಟನು. ಅಂಥ ಕೆಲಸ ಬೇಡಿ ಒಬ್ಬ ದೊಡ್ಡ ಮನುಷ್ಯನಿಗೆ ಬರೆದ ಅರಿಕೆಗೆ ಉತ್ತರವೇ ಬರಲಿಲ್ಲ. 1812ರಲ್ಲಿ ಹಂಫ್ರಿ ಡೇವಿ ಎಂಬ ಪಂಡಿತನ ಉಪನ್ಯಾಸಗಳನ್ನು ಕೇಳಿ ಬರೆದುಕೊಂಡದ್ದನ್ನು ಅಂದವಾಗಿ ಕಟ್ಟಿ ಅವನಿಗೇ ಕಳುಹಿಸಿದನು. ಡೇವಿಯು ದಯೆ ತೋರಿದರೂ, ಕಸಬನ್ನು ಬಿಡಬೇಡವೆಂದು ಬುದ್ಧಿ ಹೇಳಿದನು. 1813ರಲ್ಲಿ ಅಲ್ಲಿಯ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳಕೊಳ್ಳಲು, ಡೇವಿಯು ಇವನನ್ನು ನೆನಸಿ ಕರೇಕಳುಹಿಸಿದನು. ಸಂಬಳ ವಾರಕ್ಕೆ 25 ಶಿಲ್ಲಿಂಗು. 1831ರಲ್ಲಿ ಇವನು ಅಯಸ್ಕಾಂತದಿಂದ ವಿದ್ಯುತ್ತನ್ನು ಹುಟ್ಟಿಸುವ ಕ್ರಮವನ್ನು ಕಂಡುಹಿಡಿದನು. ಸಭೆಯಲ್ಲಿ ಹಿರಿಯನಾಗಿಯೂ ಸೇವೆಮಾಡಿದನು.

ಪ್ರಿಯರೇ, ಕೆಲಸ ಹುಡುಕಿ ಬರಿಗೈಯಲ್ಲಿ ಮನೆಗೆ ತಿರುಗುವ ನಮ್ಮ ಯೌವನಸ್ಥರನ್ನು ನಾವು ಮೈಗಳ್ಳರೆಂದು ಹಳಿಯದಿರೋಣ. ಫ್ಯಾರಡೇ ಬಿಡಲಿಚ್ಛಿಸಿದ ಸೂಜಿದಾರವನ್ನೇ ದೇವರು ಅವನಿಗೆ ಬೀಗದಕೈಯಾಗಿ ಮಾಡಿದನಲ್ಲವೇ?