ಫ್ರೋಬೆಲ್: ತಾಯಿಯ ಮಡಿಲಿನಿಂದ ಮಕ್ಕಳ ತೋಟಕ್ಕೆ

ಕಿಂಡರ್‌ಗಾರ್ಟನ್ ಪದ್ಧತಿಯ ಪ್ರವರ್ತಕ ಫ್ರೆಡ್ರಿಕ್ ಫ್ರೋಬೆಲ್ 1782ರಲ್ಲಿ ಜರ್ಮನಿಯ ಥುರಿಂಗಿಯಾ ಪ್ರದೇಶದ ಪಾದ್ರಿಯೊಬ್ಬನ ಮಗನಾಗಿ ಜನಿಸಿದ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಮಲತಾಯಿಯ ಅನಾದರದಲ್ಲಿ ಬೆಳೆದ ಈತನೇ ಮುಂದೆ ತಾಯಿಯನ್ನು ಮಗುವಿನ ಮೊದಲ ಗುರುವೆಂದು ಪ್ರತಿಪಾದಿಸಿದ್ದು ಆಕಸ್ಮಿಕವೆನ್ನಲಾಗದು. 1808ರಿಂದ ಎರಡು ವರ್ಷ ಪೆಸ್ಟಲಾಜಿಯ ಶಾಲೆಯಲ್ಲಿದ್ದು, 1817ರಿಂದ ಕೈಲ್‌ಹಾವ್‌ನಲ್ಲಿ ಸ್ವಂತ ಶಾಲೆ ನಡೆಸಿದ ಮೇಲೆ ಅವನ ಗಮನ ಶಾಲಾಪೂರ್ವ ವಯಸ್ಸಿನತ್ತ ಹರಿಯಿತು. 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಆರಂಭಿಸಿದ ಸಂಸ್ಥೆಗೆ 1840ರಲ್ಲಿ ‘ಮಕ್ಕಳ ತೋಟ’ ಎಂಬರ್ಥದ ಹೆಸರಿಟ್ಟ. (ಕನ್ನಡದ ‘ಶಿಶುವಿಹಾರ’ದಲ್ಲಿ ತೋಟಗಾರಿಕೆಯ ಈ ರೂಪಕ ಮಸುಕಾಗಿದೆ.)

ಅವನು ‘ಉಡುಗೊರೆ’ಗಳೆಂದು ಕರೆದ ಆಟಿಕೆಗಳಲ್ಲಿ ಮೊದಲನೆಯದು ಉಣ್ಣೆಯ ಚೆಂಡು. ತಾಯಿ ಅದನ್ನು ದಾರದಲ್ಲಿ ತೂಗಿಸಿ, ಮರೆಮಾಡಿ, ಮತ್ತೆ ತೋರಿಸುವಾಗ ಕೂಸು ಬಣ್ಣ, ಚಲನೆ, ಇರುವಿಕೆಗಳನ್ನು ಅರಿಯತೊಡಗುತ್ತದೆ. 1844ರಲ್ಲಿ ಪ್ರಕಟವಾದ ತಾಯಂದಿರ ಹಾಡುಗಳ ಸಂಪುಟವಂತೂ ಮನೆಗಾಗಿಯೇ ರೂಪುಗೊಂಡದ್ದು. ಅದರಲ್ಲಿ ಹಾಡಿನೊಡನೆ ಚಿತ್ರ, ಬೆರಳಾಟ ಹಾಗೂ ತಾಯಿಗೆಂದು ಬರೆದ ವಿವರಣೆಗಳಿವೆ. ಕಿಂಡರ್‌ಗಾರ್ಟನ್ ಅವನ ದೃಷ್ಟಿಯಲ್ಲಿ ಮನೆಯ ಈ ಕಲಿಕೆಯ ಮುಂದುವರಿಕೆ. ಅಲ್ಲಿಗೆ ಸೇರಿಸುವ ಸಿದ್ಧತೆಯೆಂದು ಮನೆಯಲ್ಲಿ ಮೂರರ ಮಗುವಿಗೆ ಅಕ್ಷರ ತಿದ್ದಿಸುವ ಇಂದಿನ ರೂಢಿಗೆ ಅವನ ವಿಚಾರಗಳಲ್ಲಿ ಆಧಾರ ದೊರೆಯದು.

1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ನಾಸ್ತಿಕತೆ ಹಾಗೂ ಸಮಾಜವಾದದ ಆರೋಪಗಳ ಹಿಂದೆ, ಸೋದರನ ಮಗ ಕಾರ್ಲ್ ಫ್ರೋಬೆಲ್‌ನ ಬರಹವನ್ನು ಇವನದೆಂದು ಭಾವಿಸಿದ ಗೊಂದಲವೂ ಇತ್ತು. ಮರುವರ್ಷ ಜೂನ್‌ನಲ್ಲಿ ಫ್ರೋಬೆಲ್ ನಿಧನನಾದ. ನಿಷೇಧ ತೆರವಾದದ್ದು 1860ರಲ್ಲಿ.