ವಚನಪಿತಾಮಹ ಫ. ಗು. ಹಳಕಟ್ಟಿಯವರು

ಶಿವಶರಣರ ವಚನಗಳನ್ನು ಇಂದು ಮನೆಮನೆಯಲ್ಲಿ ಮುದ್ರಿತ ಪುಸ್ತಕದಲ್ಲಿ ಓದುವ ಸದ್ಭಕ್ತರು, ಅವು ಒಂದು ಕಾಲದಲ್ಲಿ ಎಲ್ಲಿ ಅಡಗಿದ್ದುವೆಂಬುದನ್ನು ನೆನೆಯುವುದು ಅಪರೂಪ. ಅವು ಅರಿವೆಯಲ್ಲಿ ಸುತ್ತಲ್ಪಟ್ಟು ದೇವರ ಜಗಲಿಯ ಮೇಲಿದ್ದುವು. ಹಬ್ಬಹರಿದಿನಗಳಲ್ಲಿ ಕಟ್ಟಿಗೆ ವಿಭೂತಿಯನ್ನು ಧರಿಸಿ, ಪತ್ರಿಪುಷ್ಪಗಳನ್ನೇರಿಸಿ, ಧೂಪವನ್ನು ತೋರಿ ಮರಳಿ ಇರಿಸುತ್ತಿದ್ದರು. ಕಟ್ಟನ್ನು ಬಿಚ್ಚುವವರು ವಿರಳರಾಗಿದ್ದರು. ಪೂಜೆಯು ತಪ್ಪಲಿಲ್ಲ, ಪಠನವು ತಪ್ಪಿತು. ಹುಳುಗಳು ಮಾತ್ರ ಯಾವ ಸಂಕೋಚವೂ ಇಲ್ಲದೆ ಒಳಹೊಕ್ಕವು.

ಆ ಕಟ್ಟುಗಳನ್ನು ಬಿಚ್ಚಿದ ಮಹನೀಯರಲ್ಲಿ ಅಗ್ರಗಣ್ಯರು ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಗ್ರಂಥಕರ್ತರು. ಮುಂಬಯಿಯಲ್ಲಿ ಉನ್ನತ ವ್ಯಾಸಂಗವನ್ನು ಮಾಡಿ, 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಬೆಳಗಾವಿಯಲ್ಲಿ ಕೆಲಕಾಲ ವಕೀಲಿಯನ್ನು ನಡೆಸಿ ಅನಂತರ ವಿಜಾಪುರದಲ್ಲಿ ನೆಲೆಸಿದರು. ವ್ಯಾಸಂಗವಿನ್ನೂ ಮುಗಿಯದಿದ್ದ 1903ರ ಸುಮಾರಿಗೆ ರಬಕವಿ-ಬನಹಟ್ಟಿಯ ಕಡೆಯ ಗೃಹಸ್ಥರೊಬ್ಬರ ಮನೆಯಲ್ಲಿ ವಚನಗಳ ತಾಳೆಯೋಲೆಗಳು ಅವರ ಕಣ್ಣಿಗೆ ಬಿದ್ದುವು. ಮುಂದಿನ ಅರವತ್ತು ವರುಷಗಳ ಬಾಳಿನ ದಾರಿಯು ಅಲ್ಲಿಯೇ ನಿಶ್ಚಯವಾಯಿತು.

ಓಲೆಯನ್ನು ಓದುವುದೆಂದರೆ ಸಾಮಾನ್ಯ ಶ್ರಮವಲ್ಲ. ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿಯನ್ನು ಸವರಿದ ಹೊರತು ಅವು ಕಾಣಿಸವು. ಪದಕ್ಕೂ ಪದಕ್ಕೂ ನಡುವೆ ತೆರವಿಲ್ಲ, ವಿರಾಮಚಿಹ್ನೆಯಿಲ್ಲ. ಒಂದು ವಚನವೆಲ್ಲಿ ಮುಗಿಯಿತು, ಇನ್ನೊಂದೆಲ್ಲಿ ಮೊದಲಾಯಿತು ಎಂಬುದನ್ನು ಬಹುಮಟ್ಟಿಗೆ ಅಂಕಿತದಿಂದಲೇ ತಿಳಿಯಬೇಕು. ಪ್ರತಿಕಾರನು ಕೈತಪ್ಪಿ ಬರೆದಲ್ಲಿ ಬೇರೆ ಕಟ್ಟಿನೊಡನೆ ಹೋಲಿಸಬೇಕು. ಬಾಯಿಪಾಠದವನು ಇಂತಹ ಓಲೆಯ ಮುಂದೆ ಮೂಕನಾಗುವನು. ಏಕೆಂದರೆ ಅರ್ಥವು ಮನಸ್ಸಿಗೆ ಹತ್ತಿದ ಹೊರತು ಇಲ್ಲಿ ಪದವನ್ನು ಬಿಡಿಸುವುದೇ ಅಶಕ್ಯ. ಹಳಕಟ್ಟಿಯವರು ನ್ಯಾಯಾಲಯದ ಕೆಲಸದ ನಡುವೆ ಊರೂರು ಅಲೆದು, ಮಠಗಳನ್ನೂ ಮನೆಗಳನ್ನೂ ಬೇಡಿ, ಸಾವಿರದಷ್ಟು ಕಟ್ಟುಗಳನ್ನು ಕೂಡಿಹಾಕಿದರು. ಪೂಜೆಯ ವಸ್ತುವನ್ನು ಪರರ ಕೈಗೆ ಕೊಡಲು ಭಕ್ತರು ಹಿಂಜರಿದುದು ಸಹಜವೇ. ಆದರೆ ಆ ಹಿಂಜರಿಕೆಯಿಂದ ಎಷ್ಟು ಓಲೆಗಳು ಪುಡಿಯಾಗಿಹೋದುವೋ ಲೆಕ್ಕವಿಲ್ಲ.

ಮುದ್ರಣದ ಕಷ್ಟವು ಬೇರೆ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಹಸ್ತಪ್ರತಿಯನ್ನು ಮರಳಿಸಿತೆಂದು ಹೇಳುವರು. ಕಡೆಗೆ ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಅಚ್ಚುಕೂಟವನ್ನು ನೆಚ್ಚಿ ಈ ಕಾರ್ಯವು ಸಾಗದೆಂದರಿತು, ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಬಾಡಿಗೆಯ ಮನೆ, ಹಳೆಯ ಕೋಟು, ಸಾಲದ ಹೊರೆ ಇವು ವಕೀಲಿಯಿಂದ ಸುಖವಾಗಿ ಬಾಳಬಹುದಾಗಿದ್ದ ಆ ಪುರುಷನ ಪಾಲಿಗೆ ಬಂದುವು. 1926ರಲ್ಲಿ ಶಿವಾನುಭವ ಪತ್ರಿಕೆಯೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟುವು. 1930ರಲ್ಲಿ ಶೂನ್ಯಸಂಪಾದನೆಯು ಬೆಳಕಿಗೆ ಬಂದಿತು. ಹರಿಹರನ ರಗಳೆಗಳೂ ಪ್ರಕಟವಾದುವು. ಮೊದಲು ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದುವು. ಅವರ ಶೋಧದಿಂದ ಅವು ಇನ್ನೂರನ್ನು ಮೀರಿದುವು.

ಲೋಕಹಿತದಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆ 1910ರಲ್ಲಿ, ಸಿದ್ಧೇಶ್ವರ ಬ್ಯಾಂಕು 1912ರಲ್ಲಿ ಅವರ ಪ್ರಯತ್ನದಿಂದ ಹುಟ್ಟಿದುವು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನವೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಸಂದುವು. ಗೌರವಗಳು ಬಂದರೂ ಬಡತನವು ತೊಲಗಲಿಲ್ಲ. ಶಿವಾನುಭವವನ್ನು ಮಾತ್ರ ಮೂರು ದಶಕಗಳಿಗೂ ಮಿಕ್ಕು ನಡೆಯಿಸಿದರು.

1964ನೆಯ ಇಸವಿ ಜೂನ್ 29ರಂದು, ಎಂಬತ್ತನಾಲ್ಕು ತುಂಬುವುದಕ್ಕೆ ಮೂರು ದಿನಗಳಿರುವಾಗ, ಲಿಂಗೈಕ್ಯರಾದರು. ಅವರ ಹೆಸರಿನ ಸಂಶೋಧನಾ ಕೇಂದ್ರವು ಈಗಿನ ವಿಜಯಪುರದಲ್ಲಿ ಇರುವುದು.